ಎಲ್ಲಾ ಗೊತ್ತಿದ್ದೂ ಅಮ್ರುಲ್ಲಾ ಸಾಲೇಹ್ ಯಾಕೆ ಸೋತರು?

ಅಫ್ಘಾನಿಸ್ತಾನದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ಅಮ್ರುಲ್ಲಾ ಸಾಲೇಹ್ ಆರು ವರ್ಷ ಆ ದೇಶದ ಗುಪ್ತಚರ ಸಂಸ್ಥೆ ನಡೆಸಿದವರು. ಆಮೇಲೆ ರಾಜಕೀಯಕ್ಕೆ ಬಂದು ಉಪಾಧ್ಯಕ್ಷರೂ ಆದರು. ತಾಲಿಬಾನ್‌ನ ಒಳಹೊರಗೆಲ್ಲ ಬಲ್ಲ ಮನುಷ್ಯ ಅಷ್ಟು ದೊಡ್ಡ ಹುದ್ದೆಯಲ್ಲಿದ್ದರೂ 2021ರ ಆಗಸ್ಟ್‌ನಲ್ಲಿ ಕಾಬೂಲ್ ಹೇಗೆ ಬಿತ್ತು?

ಅವರಿಗೆ ಮಾಹಿತಿಯ ಕೊರತೆ ಯಾವತ್ತೂ ಇರಲಿಲ್ಲ. ಅವರ ಮಾತು ನಂಬಿ ಜೊತೆಗೆ ನಿಲ್ಲುವವರು ಕಡಿಮೆ ಇದ್ದರು. ನನ್ನ ಉತ್ತರ ಇಷ್ಟೇ. ಗುಪ್ತಚರ ಮುಖ್ಯಸ್ಥ ಒಬ್ಬ ಅಧ್ಯಕ್ಷನನ್ನು ಒಪ್ಪಿಸಿದರೆ ಕೆಲಸ ಆಗುತ್ತದೆ. ರಾಜಕಾರಣಿ ತನ್ನನ್ನು ಇಷ್ಟಪಡದವರನ್ನೂ ಒಪ್ಪಿಸಬೇಕು. ಸಾಲೇಹ್ ಅವರಿಗೆ ಮೊದಲನೆಯದೇ ಕಷ್ಟವಾಗಿತ್ತು.

ಅವರು ಹುಟ್ಟಿದ್ದು 1972ರಲ್ಲಿ, ಪಂಜ್‌ಶೀರ್ ಕಣಿವೆಯ ತಾಜಿಕ್ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಅಲ್ಲಿನ ಮುಜಾಹಿದೀನ್ ನಾಯಕ ಅಹ್ಮದ್ ಷಾ ಮಸೂದ್ ಪಡೆ ಸೇರಿದರು. 1996ರಲ್ಲಿ ತಾಲಿಬಾನ್‌ನವರು ತಮ್ಮ ಸಹೋದರಿಗೆ ಕೊಟ್ಟ ಹಿಂಸೆಯ ಬಗ್ಗೆ ಅವರೇ ಬರೆದಿದ್ದಾರೆ. ತಾಲಿಬಾನ್ ಬಗ್ಗೆ ಅವರ ನಿಲುವು ಅವತ್ತೇ ಗಟ್ಟಿಯಾಯಿತು. ಮುಂದೆ ತಜಿಕಿಸ್ತಾನದ ದುಶಾಂಬೆಯಲ್ಲಿ ಕೂತು, ಮಸೂದ್ ಪರವಾಗಿ ವಿದೇಶಿ ಗುಪ್ತಚರ ಸಂಸ್ಥೆಗಳ ಜೊತೆ ವ್ಯವಹಾರ ನೋಡಿಕೊಂಡರು. 2001ರ ಸೆಪ್ಟೆಂಬರ್ 9ರಂದು ಪತ್ರಕರ್ತರ ವೇಷದಲ್ಲಿ ಬಂದವರು ಮಸೂದ್‌ರನ್ನು ಕೊಂದರು. ಎರಡೇ ದಿನಕ್ಕೆ ಅಮೆರಿಕದ ಮೇಲೆ ದಾಳಿ ಆಯಿತು. ಸಿಐಎಗೆ ಸಾಲೇಹ್ ಅಂಥವರು ಬೇಕೇ ಬೇಕಾಯಿತು.

2004ರಲ್ಲಿ ಅಧ್ಯಕ್ಷ ಹಮೀದ್ ಕರ್ಜಾಯಿ ಅವರನ್ನು ದೇಶದ ಗುಪ್ತಚರ ಸಂಸ್ಥೆ ಎನ್‌ಡಿಎಸ್‌ನ ಮುಖ್ಯಸ್ಥರನ್ನಾಗಿ ಮಾಡಿದರು. ವಯಸ್ಸು ಇನ್ನೂ ಮೂವತ್ತರ ಆಸುಪಾಸು. 2006ರಲ್ಲೇ ಅವರು ತಾಲಿಬಾನ್ ಬಗ್ಗೆ ಒಂದು ವರದಿ ಕೊಟ್ಟರು. ತಾಲಿಬಾನ್ ಮತ್ತೆ ಬಲಿಯುತ್ತಿದೆ, ಪಾಕಿಸ್ತಾನದ ಐಎಸ್‌ಐ ಬೆನ್ನಿಗಿದೆ, ಸರ್ಕಾರ ಎಚ್ಚೆತ್ತುಕೊಳ್ಳದಿದ್ದರೆ ಮುಂದೆ ಕಷ್ಟ ಅನ್ನುವುದು ಅದರ ಸಾರ. ಆಗ ಜಗತ್ತಿನ ಗಮನವೆಲ್ಲ ಇರಾಕ್ ಮೇಲಿತ್ತು.

ಆ ದಿನಗಳದ್ದೇ ಇನ್ನೊಂದು ಘಟನೆ. ಸಾಲೇಹ್ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದು. ಬಿನ್ ಲಾಡೆನ್ ಪಾಕಿಸ್ತಾನದ ಮಾನ್ಸೆಹ್ರಾ ಕಡೆ ಇರಬಹುದು ಅನ್ನುವ ಸುಳಿವು ಅವರ ಕೈಗೆ ಸಿಕ್ಕಿತ್ತು. ಕರ್ಜಾಯಿ ಎದುರಲ್ಲೇ ಅದನ್ನು ಆಗಿನ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಮುಂದೆ ಇಟ್ಟರು. ಮುಷರಫ್ ಸಿಟ್ಟಿಗೆದ್ದು ಮೇಜು ಗುದ್ದಿದರಂತೆ. ಮಾತು ಅಲ್ಲಿಗೇ ನಿಂತಿತು. 2011ರ ಮೇ 2ರಂದು ಅಮೆರಿಕದ ಸೈನಿಕರು ಬಿನ್ ಲಾಡೆನ್‌ನನ್ನು ಕೊಂದದ್ದು ಅಬೊಟ್ಟಾಬಾದ್‌ನಲ್ಲಿ. ಅದು ಮಾನ್ಸೆಹ್ರಾದ ಪಕ್ಕದ ಊರು. ಗುರಿ ಅಷ್ಟು ಹತ್ತಿರ ಬಂದಿತ್ತು. ಆದರೆ ಆ ಕೋಣೆಯಲ್ಲಿ ಅವರನ್ನು ನಂಬುವವರೇ ಇರಲಿಲ್ಲ.

2010ರ ಜೂನ್‌ನಲ್ಲಿ ಕಾಬೂಲ್‌ನಲ್ಲಿ ಕರ್ಜಾಯಿ ಕರೆದ ಶಾಂತಿ ಜಿರ್ಗಾ (ಮುಖಂಡರ ಸಭೆ) ಮೇಲೆ ರಾಕೆಟ್ ದಾಳಿ ನಡೆಯಿತು. ದಾಳಿ ಮಾಡಿದ್ದು ತಾಲಿಬಾನ್ ಅಂತ ಸಾಲೇಹ್ ಸಾಕ್ಷ್ಯ ತಂದರು. ಕರ್ಜಾಯಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಸಾಲೇಹ್, ಗೃಹಸಚಿವ ಹನೀಫ್ ಅತ್ಮರ್ ಇಬ್ಬರೂ ಅದೇ ವಾರ ರಾಜೀನಾಮೆ ಕೊಟ್ಟು ಹೊರಬಂದರು.

ಅವರ ರಾಜಕೀಯ ಶುರುವಾಗಿದ್ದು ಅಲ್ಲಿಂದ. ತಾಲಿಬಾನ್ ಜೊತೆ ಸಂಧಾನ ಬೇಡ ಅಂತ ಯುವಕರನ್ನು ಸೇರಿಸಿದರು. 2011ರ ಮೇನಲ್ಲಿ ಸಾವಿರಾರು ಜನ ಹಸಿರು ಬಣ್ಣ ಹಿಡಿದು ಕಾಬೂಲ್‌ನಲ್ಲಿ ಸೇರಿದರು. ಅದೇ ಮುಂದೆ ಅವರ ಪಕ್ಷವೂ ಆಯಿತು. 2019ರ ಜುಲೈ 28ರಂದು, ಅಧ್ಯಕ್ಷ ಚುನಾವಣೆಯ ಪ್ರಚಾರ ಶುರುವಾದ ದಿನವೇ, ಆ ಪಕ್ಷದ ಕಚೇರಿ ಮೇಲೆ ದಾಳಿಯಾಗಿ ಸುಮಾರು 20 ಜನ ಸತ್ತರು. 2020ರ ಸೆಪ್ಟೆಂಬರ್ 9ರಂದು ಅವರ ವಾಹನಗಳಿಗೇ ಗುರಿಯಿಟ್ಟು ಬಾಂಬ್ ಸಿಡಿಸಿದರು. 10 ಜನ ಹೋದರು. ಕೆಲವೇ ಗಂಟೆಗಳಲ್ಲಿ ಅವರು ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ವಿಡಿಯೊದಲ್ಲಿ ಮಾತಾಡಿದರು. ಅವರ ಧೈರ್ಯದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಆದರೆ ಧೈರ್ಯಕ್ಕೆ ವೋಟು ಬರಲಿಲ್ಲ. 2019ರ ಆ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಅಶ್ರಫ್ ಘನಿ ಜೊತೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಅವರು ಗೆದ್ದದ್ದು ಒಟ್ಟು 9,23,592 ಮತ ಪಡೆದು. ನೋಂದಾಯಿತ ಮತದಾರರು 90 ಲಕ್ಷಕ್ಕೂ ಜಾಸ್ತಿ ಇದ್ದ ದೇಶ ಅದು! ಎದುರಾಳಿ ಅಬ್ದುಲ್ಲಾ ಅಬ್ದುಲ್ಲಾ ಫಲಿತಾಂಶವನ್ನೇ ಒಪ್ಪಲಿಲ್ಲ. 2020ರ ಮಾರ್ಚ್ 9ರಂದು ಕಾಬೂಲ್‌ನಲ್ಲಿ ಇಬ್ಬರು ಅಧ್ಯಕ್ಷರು ಒಟ್ಟೊಟ್ಟಿಗೆ ಪ್ರಮಾಣವಚನ ತಗೊಂಡರು. ಅದಕ್ಕೆ ಒಂಬತ್ತು ದಿನ ಮೊದಲಷ್ಟೇ ದೋಹಾದಲ್ಲಿ ಅಮೆರಿಕ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡಿತ್ತು, ಕಾಬೂಲ್ ಸರ್ಕಾರವನ್ನು ಹೊರಗಿಟ್ಟು. ಇಂಥ ಹೊತ್ತಲ್ಲಿ ಸಾಲೇಹ್ ಮಾಡಬೇಕಿದ್ದ ಕೆಲಸ ಒಂದೇ, ಜನರ ನಂಬಿಕೆ ಗಳಿಸುವುದು.

ಅಲ್ಲೇ ಅವರು ಎಡವಿದ್ದು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾಬೂಲ್ ನಗರದ ಭದ್ರತೆ ಅವರ ಕೈಗೆ ಬಂತು. ದಿನಾ ಬೆಳಿಗ್ಗೆ ಆರೂವರೆಗೆ ಅಧಿಕಾರಿಗಳ ಸಭೆ. ಅಲ್ಲಿ ಆದ ತೀರ್ಮಾನಗಳನ್ನು ಫೇಸ್‌ಬುಕ್‌ನಲ್ಲಿ ಹಾಕುತ್ತಿದ್ದರು. ಕಳ್ಳರು, ಸುಲಿಗೆಕೋರರಿಂದ ಬೇಸತ್ತಿದ್ದ ಜನ ಮೊದಲು ಖುಷಿಪಟ್ಟರು. ಅದೇ ಅಕ್ಟೋಬರ್‌ನಲ್ಲಿ ತಖಾರ್ ಪ್ರಾಂತ್ಯದ ಒಂದು ಹಳ್ಳಿಯ ಮಸೀದಿ ಮೇಲೆ ವಾಯುದಾಳಿ ನಡೆಯಿತು. ಮಕ್ಕಳು ಸತ್ತಿದ್ದಾರೆ ಅಂದರು ಸ್ಥಳೀಯ ಅಧಿಕಾರಿಗಳು. ಅದು ಸುಳ್ಳು, ಹಾಗೆ ಹೇಳಿದವರ ಮೇಲೆ ಕ್ರಮ ಆಗುತ್ತದೆ ಅಂದರು ಸಾಲೇಹ್. ಮಕ್ಕಳ ಸಾವಿನ ಸುದ್ದಿ ಕೊಟ್ಟ ರಾಜ್ಯಪಾಲರ ವಕ್ತಾರನನ್ನೇ ಹಿಡಿದುಹಾಕಿದರು.

ನನಗೆ ಇದು ತುಂಬಾ ನೋವು ಕೊಟ್ಟ ವಿಷಯ. ಅವರ ಅವಧಿಯಲ್ಲೂ ಎನ್‌ಡಿಎಸ್ ಕೈದಿಗಳಿಗೆ ಚಿತ್ರಹಿಂಸೆ ಕೊಡುತ್ತದೆ ಅನ್ನುವ ದೂರು ಇತ್ತು. ಅದೇ ಕಾರಣಕ್ಕೆ 2007ರಲ್ಲಿ ಕೆನಡಾ ಸೇನೆ ತಾನು ಹಿಡಿದವರನ್ನು ಅಫ್ಘನ್ನರಿಗೆ ಒಪ್ಪಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿತ್ತು. ಗುಪ್ತಚರ ಕೆಲಸದಲ್ಲಿ ಕೆಟ್ಟ ಸುದ್ದಿ ತಂದವನನ್ನು ಮೊದಲು ಅನುಮಾನಿಸುತ್ತಾರೆ. ಉಪಾಧ್ಯಕ್ಷ ಆ ಅಭ್ಯಾಸ ಬಿಡಬೇಕಿತ್ತು. ಮಕ್ಕಳನ್ನು ಕಳೆದುಕೊಂಡ ಹಳ್ಳಿಗೆ ಹೋಗಿ ಕೂರಬೇಕಿತ್ತು, ಅಲ್ವಾ? ತಾಲಿಬಾನ್ ಬೇಡ ಅನ್ನುವ ಎಷ್ಟೋ ಜನ ಆ ಊರುಗಳಲ್ಲೂ ಇದ್ದರು.

ಕೊನೆಗೆ 2021ರ ಆಗಸ್ಟ್ 6ರಿಂದ ಹತ್ತೇ ದಿನದಲ್ಲಿ ಪ್ರಾಂತ್ಯಗಳ ರಾಜಧಾನಿಗಳು ಒಂದೊಂದಾಗಿ ಬಿದ್ದವು. ಎಷ್ಟೋ ಕಡೆ ಕಾಳಗವೇ ಇಲ್ಲ, ಸುಮ್ನೆ ಮಾತುಕತೆ ನಡೆಸಿ ಶರಣಾದರು. 15ರಂದು ಘನಿ ದೇಶ ಬಿಟ್ಟರು. 17ರಂದು ಸಾಲೇಹ್ ಸಂವಿಧಾನದ ಪ್ರಕಾರ ಈಗ ನಾನೇ ಹಂಗಾಮಿ ಅಧ್ಯಕ್ಷ ಎಂದು ಘೋಷಿಸಿದರು. ದುಶಾಂಬೆಯ ಅಫ್ಘನ್ ರಾಯಭಾರ ಕಚೇರಿ ಘನಿ ಫೋಟೊ ತೆಗೆದು ಇವರ ಫೋಟೊ ಹಾಕಿತು. ಯಾವ ದೇಶದ ಸರ್ಕಾರವೂ ಅವರನ್ನು ಮಾನ್ಯ ಮಾಡಲಿಲ್ಲ. ಸೆಪ್ಟೆಂಬರ್ 6ಕ್ಕೆ ಪಂಜ್‌ಶೀರ್ ತಮ್ಮ ವಶವಾಯಿತು ಅಂತ ತಾಲಿಬಾನ್ ಹೇಳಿತು. ಅದೇ ವಾರ ಅವರ ಸಹೋದರನನ್ನೂ ಕೊಂದರು.

ಹಾಗಾದರೆ ಅವರೇ ಅಧ್ಯಕ್ಷರಾಗಿದ್ದರೆ ಕಾಬೂಲ್ ಉಳಿಯುತ್ತಿತ್ತಾ? ಈ ಪ್ರಶ್ನೆಯೂ ಬೆನ್ನಿಗೇ ಬರುತ್ತದೆ. ಅವರು ಓಡಿಹೋಗುತ್ತಿರಲಿಲ್ಲ, ಅಷ್ಟು ನಂಬುತ್ತೇನೆ. ಆದರೆ ಅಮೆರಿಕದ ಗುತ್ತಿಗೆದಾರರು ಹೊರಟುಹೋದ ಮೇಲೆ ಕೆಟ್ಟು ನಿಂತ ವಿಮಾನಗಳನ್ನು ಅವರೂ ಹಾರಿಸಲು ಆಗುತ್ತಿರಲಿಲ್ಲ. ಇನ್ನು ತಖಾರ್‌ನಂಥ ಕಡೆಗಳಲ್ಲಿ ಜನ ಅವರ ಮಾತಿಗಾಗಿ ಬಂದೂಕು ಹಿಡಿದು ನಿಲ್ಲುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.