ಕಡಿಮೆ ದುಡ್ಡಿನ ಸ್ಲ್ಯಾಶರ್: ರಕ್ತಕ್ಕಿಂತ ಮೊದಲು ಮನೆಯ ನಕ್ಷೆ

ಸ್ಲ್ಯಾಶರ್ ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಬೆನ್ನಟ್ಟಿ ಕೊಲ್ಲುವ ಭಯದ ಚಿತ್ರ. ಕಡಿಮೆ ಬಜೆಟ್ಟಿನ ಸ್ಲ್ಯಾಶರ್ ನೋಡಿದವರು ಮೊದಲು ದೂರುವುದು ರಕ್ತವನ್ನು. ಸಾಸ್ ಸುರಿದ ಹಾಗಿತ್ತು, ಕುತ್ತಿಗೆ ರಬ್ಬರಿನದು ಅಂತ ಗೊತ್ತಾಗುತ್ತಿತ್ತು, ಚಾಕು ಬಾಗಿತು. ದೂರು ನಿಜವೇ ಇರಬಹುದು, ಆದರೆ ಚಿತ್ರ ಕೈಕೊಟ್ಟದ್ದು ಅದಕ್ಕೂ ಎಷ್ಟೋ ಮುಂಚೆ. ಕೊಲೆಗಾರ ಮೆಟ್ಟಿಲ ಬುಡದಲ್ಲಿದ್ದಾನೆ, ಹುಡುಗಿ ಮಹಡಿಯ ಕೋಣೆಯಲ್ಲಿದ್ದಾಳೆ. ನಡುವೆ ಎಷ್ಟು ಹೆಜ್ಜೆ? ಹಿಂಬಾಗಿಲು ಯಾವ ಕಡೆ? ಇದು ನೋಡುವವರ ತಲೆಯಲ್ಲಿ ಇಲ್ಲದಿದ್ದರೆ ಬಕೆಟ್‌ಗಟ್ಟಲೆ ರಕ್ತ ಸುರಿದರೂ ಎದೆ ಝಲ್ಲೆನ್ನುವುದಿಲ್ಲ. ಈ ಪ್ರಕಾರದಲ್ಲಿ ಭಯ ಒಂದು ಲೆಕ್ಕಾಚಾರ: ಅವನು ಇಲ್ಲಿಗೆ ಬರಲು ಎಷ್ಟು ಹೊತ್ತು, ಇವಳು ಹೊರಗೆ ಓಡಲು ಎಷ್ಟು ಹೊತ್ತು. ಆ ಲೆಕ್ಕ ಹಾಕಲು ಬೇಕಾದ ಮಾಹಿತಿಯನ್ನು ಕೊಡುವುದಕ್ಕೆ ಹೆಚ್ಚು ದುಡ್ಡು ಬೇಡ. ಅದಕ್ಕೇ ಬಡ ಸ್ಲ್ಯಾಶರ್ ಶ್ರೀಮಂತ ಚಿತ್ರವನ್ನು ಮೀರಿಸಬಲ್ಲ ಜಾಗ ಇದೇ, ಹೆಚ್ಚಿನವು ಮುಗ್ಗರಿಸುವ ಜಾಗವೂ ಇದೇ.

1978ರ ‘ಹ್ಯಾಲೋವೀನ್’ ನೋಡಿ. ಖರ್ಚು ಸುಮಾರು 3.25 ಲಕ್ಷ ಡಾಲರ್, ಚಿತ್ರೀಕರಣ ಸುಮಾರು 20 ದಿನ. ಕಥೆ ನಡೆಯುವುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಎಲೆ ಉದುರುವ ಅಕ್ಟೋಬರಿನಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಒಣ ಎಲೆಗಳಿಗೆ ಬಣ್ಣ ಬಳಿದು, ಬೀದಿಗೆ ಹರಡಿ, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮತ್ತೆ ಬಳಸಿದರು. ಕೆಲವು ಫ್ರೇಮುಗಳಲ್ಲಿ ಇಲಿನಾಯ್‌ಗೆ ಹೊಂದದ ತಾಳೆಯ ಜಾತಿಯ ಮರಗಳು ಕಾಣುತ್ತವೆ. ಆದರೂ ಚಿತ್ರಕ್ಕೆ ಏನೂ ಆಗಲಿಲ್ಲ, ಏಕೆಂದರೆ ಕೊನೆಯ ಭಾಗ ಪೂರ್ತಿ ನಿಂತಿರುವುದು ಬೀದಿಯ ಎದುರುಬದುರಿನ ಎರಡು ಮನೆಗಳ ಮೇಲೆ. ಆ ಬೀದಿ ಎಷ್ಟು ಅಗಲ ಎಂದು ನಮಗೆ ಚೆನ್ನಾಗಿ ಗೊತ್ತು. ಕಿಟಕಿಯಿಂದ ನೋಡಿದ್ದೇವೆ, ನಾಯಕಿಯ ಜೊತೆ ದಾಟಿದ್ದೇವೆ. ಅವಳು ವಾಪಸ್ ಓಡಿಬಂದಾಗ ಬಾಗಿಲು ಹಾಕಿದೆ, ಕೀ ಕೈಯಲ್ಲಿಲ್ಲ, ಅವಳು ನೋಡಿಕೊಳ್ಳುತ್ತಿರುವ ಮಗು ಮಹಡಿಯಲ್ಲಿ ನಿದ್ದೆಯಲ್ಲಿದೆ. ಹೂಕುಂಡ ಎತ್ತಿ ಮೇಲಿನ ಕಿಟಕಿಗೆ ಎಸೆಯುತ್ತಾಳೆ. ಕೊಲೆಗಾರ ನಡೆದೇ ಬರುತ್ತಿದ್ದಾನೆ. ಇಡೀ ದೃಶ್ಯಕ್ಕೆ ಬೇಕಾದದ್ದು ಒಂದು ಬಾಗಿಲು, ಒಂದು ಕುಂಡ, ನಿಧಾನವಾಗಿ ನಡೆಯುವ ಒಬ್ಬ ಮನುಷ್ಯ. ಅವನು ಓಡಿದ್ದರೆ ಲೆಕ್ಕ ಹಾಕಲು ನಮಗೆ ಸಮಯವೇ ಸಿಗುತ್ತಿರಲಿಲ್ಲ.

ಚಿತ್ರ ಮಾಡುವವರು ಇದನ್ನು ಹೀಗೆ ಇಟ್ಟುಕೊಳ್ಳಬಹುದು: ಮೊದಲ 20 ನಿಮಿಷದೊಳಗೆ, ಯಾವ ಅಪಾಯವೂ ಇಲ್ಲದ ಹೊತ್ತಿನಲ್ಲಿ, ಒಂದು ಪಾತ್ರವನ್ನು ಮುಂಬಾಗಿಲಿಂದ ಅಡುಗೆಮನೆಗೆ, ಅಲ್ಲಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಮಲಗುವ ಕೋಣೆಗೆ ಶಾಟ್ ಕತ್ತರಿಸದೆ ಕರೆದುಕೊಂಡು ಹೋಗಿ. ನೆಪ ಯಾವುದಾದರೂ ಆಗಲಿ, ಫೋನ್ ಹುಡುಕುವುದೋ ದೀಪ ಆರಿಸುವುದೋ. ಆಮೇಲೆ ಅಟ್ಟಾಡಿಸುವ ದೃಶ್ಯ ಅದೇ ದಾರಿಯಲ್ಲಿ ನಡೆಯಲಿ. ಮೊದಲ ಸಲ ಎಡದಿಂದ ಬಲಕ್ಕೆ ಹೋದವಳು ಎರಡನೇ ಸಲವೂ ಎಡದಿಂದ ಬಲಕ್ಕೇ ಹೋಗಬೇಕು.

ಕಡಿಮೆ ಬಜೆಟ್ಟಿನಲ್ಲಿ ಇದು ಕೆಡುವುದಕ್ಕೆ ಸಾಮಾನ್ಯ ಕಾರಣ, ಹೊರಗಿನ ಶಾಟ್‌ಗಳನ್ನು ಒಂದು ಮನೆಯಲ್ಲಿ, ಒಳಗಿನದನ್ನು ಇನ್ನೊಂದರಲ್ಲಿ ತೆಗೆಯುವುದು. ಹೊರಗಿಂದ ನೋಡಿದಾಗ ಬಾಗಿಲ ಹಿಡಿ ಬಲಕ್ಕಿರುತ್ತದೆ, ಒಳಗೆ ಬಂದ ಮೇಲೂ ಬಲಕ್ಕೇ ಇರುತ್ತದೆ. ಒಳಗಿಂದ ಅದು ಎಡಕ್ಕೆ ಕಾಣಬೇಕಿತ್ತು. ಇಂಥದ್ದನ್ನು ಬೆರಳಿಟ್ಟು ತೋರಿಸುವವರು ಕಡಿಮೆ, ಆದರೆ ನೋಡುವವರ ತಲೆಯೊಳಗಿನ ನಕ್ಷೆ ಅಲ್ಲೇ ಅಳಿಸಿಹೋಗುತ್ತದೆ. ಎರಡು ಮನೆ ಬಳಸಲೇಬೇಕೆಂದರೆ ಮೊದಲು ಬಾಗಿಲು ತೆರೆಯುವ ದಿಕ್ಕು, ಹಿಡಿ, ಪಕ್ಕದ ಕಿಟಕಿ, ಈ ಮೂರರ ಫೋಟೋ ತೆಗೆದು ಹೋಲಿಸಿ. ಗೋಡೆಯ ಬಣ್ಣ ಆಮೇಲೆ.

ಇನ್ನು ಕತ್ತಲೆ. ರಾತ್ರಿ ದೃಶ್ಯ ಅಂದರೆ ಲೈಟ್ ಕಡಿಮೆ ಸಾಕು ಎಂಬ ನಂಬಿಕೆ ಎಷ್ಟೋ ಚಿತ್ರಗಳನ್ನು ಹಾಳುಮಾಡಿದೆ. ಬೆಳಕು ಸಾಲದೆ ತೆಗೆದ ಡಿಜಿಟಲ್ ಚಿತ್ರದಲ್ಲಿ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ಬೂದು ಬಣ್ಣಕ್ಕೆ ತಿರುಗಿ ಕಾಳು ಕಾಳಾಗಿ ಕುದಿಯುತ್ತದೆ. ಕಣ್ಣಿಗೆ ಕತ್ತಲೆ ಅನಿಸಬೇಕಾದರೆ ಫ್ರೇಮಿನಲ್ಲಿ ಎಲ್ಲೋ ಒಂದು ಕಡೆ ಸ್ಪಷ್ಟವಾದ ಬೆಳಕು ಇರಬೇಕು. ಪಾತ್ರದ ಹಿಂದೆ, ಎತ್ತರದಲ್ಲಿ ಒಂದು ಗಡುಸು ಲೈಟ್ ಇಟ್ಟರೆ ತಲೆ ಮತ್ತು ಭುಜದ ಅಂಚು ಎದ್ದು ಬರುತ್ತದೆ, ಮುಖ ಕತ್ತಲಲ್ಲಿ ಉಳಿಯುತ್ತದೆ. ನೆಲಕ್ಕೆ ನೀರು ಹಾಕಿದರೆ ಅದೇ ಒಂದು ಲೈಟ್ ಪ್ರತಿಫಲಿಸಿ ಇನ್ನೊಂದು ಲೈಟಿನ ಕೆಲಸ ಮಾಡುತ್ತದೆ. ಹೊರಗಿನ ದೊಡ್ಡ ಶಾಟ್ ಇದ್ದರೆ ಸೂರ್ಯ ಮುಳುಗಿದ ಮೇಲಿನ 20 ನಿಮಿಷವನ್ನು ಕಾಯಿರಿ. ಆಗ ಆಕಾಶಕ್ಕೆ ಇನ್ನೂ ಬಣ್ಣ ಇರುತ್ತದೆ, ಮನೆಯೊಳಗಿನ ದೀಪವೂ ಕಾಣುತ್ತದೆ. ಎರಡು ಮೂರು ಟೇಕಿಗಿಂತ ಹೆಚ್ಚು ಸಿಗುವುದಿಲ್ಲ, ಹಾಗಾಗಿ ರಿಹರ್ಸಲ್ ಎಲ್ಲ ಹಗಲಲ್ಲೇ ಮುಗಿದಿರಲಿ.

‘ಹ್ಯಾಲೋವೀನ್’ನಲ್ಲೇ ಒಂದು ಶಾಟ್ ಇದೆ. ನಾಯಕಿ ಅಳುತ್ತಾ ಗೋಡೆಗೆ ಒರಗಿದ್ದಾಳೆ, ಪಕ್ಕದ ಬಾಗಿಲು ಶುದ್ಧ ಕಪ್ಪು. ಆ ಕಪ್ಪಿನಲ್ಲಿ ಮೆಲ್ಲಗೆ ಬಿಳಿ ಮುಖವಾಡ ಮೂಡುತ್ತದೆ. ಛಾಯಾಗ್ರಾಹಕ ಡೀನ್ ಕಂಡಿ ಅಲ್ಲಿ ಬಳಸಿದ್ದು ಡಿಮ್ಮರಿನ ಮೇಲೆ ನಿಧಾನವಾಗಿ ಏರಿಸಿದ ಒಂದು ಸಣ್ಣ ಬೆಳಕು. ನಟ ಕದಲಲಿಲ್ಲ, ಕ್ಯಾಮೆರಾ ನುಗ್ಗಲಿಲ್ಲ. ಇಂದು ಬ್ಯಾಟರಿಯ ಎಲ್ಇಡಿ ಲೈಟ್ ಇರುವ ಯಾರು ಬೇಕಾದರೂ ಇದನ್ನು ಮಾಡಬಹುದು. ಮುಖವಾಡ ಮಾತ್ರ ಬೆಳಕು ಹಿಡಿಯುವಂತಿರಬೇಕು: ಬಿಳಿ ಅಥವಾ ತಿಳಿ ಬಣ್ಣ, ಹೊಳಪಿಲ್ಲದ ಮೈ. ಲ್ಯಾಟೆಕ್ಸ್ ಮಿರುಗುತ್ತದೆ, ಪೌಡರ್ ಹಚ್ಚಿದರೆ ಆ ಮಿರುಗು ಸಾಯುತ್ತದೆ. ಆ ಚಿತ್ರದ ಮುಖವಾಡ ಅಂಗಡಿಯಲ್ಲಿ 2 ಡಾಲರಿಗೂ ಕಡಿಮೆಗೆ ಸಿಕ್ಕ, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವಾಡ. ಬಿಳಿ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿ, ಕೂದಲು ಕೆದರಿದರು. ಭಾವವೇ ಇಲ್ಲದ ಮುಖ ಸಿಕ್ಕಿತು. ಮುಖವಾಡಕ್ಕೆ ಇನ್ನೊಂದು ಲಾಭವೂ ಇದೆ: ಒಳಗೆ ಯಾರಿದ್ದರೂ ನಡೆಯುತ್ತದೆ. ಮುಖ್ಯ ನಟ ಬಾರದ ದಿನ ತಂಡದಲ್ಲಿ ಅದೇ ಎತ್ತರದವರು ಯಾರಾದರೂ ಹಾಕಿಕೊಂಡರೆ ಶೆಡ್ಯೂಲ್ ನಿಲ್ಲುವುದಿಲ್ಲ. ನಡಿಗೆ ಮಾತ್ರ ಒಬ್ಬರದೇ ಆಗಿರಬೇಕು, ಪ್ರೇಕ್ಷಕ ಗುರುತು ಹಿಡಿಯುವುದು ನಡಿಗೆಯನ್ನು.

ರಕ್ತದ ವಿಷಯಕ್ಕೆ ಬರೋಣ, ಅದನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆ ಬರುವ ಅಳತೆ ಹೀಗೆ: ಕಾರ್ನ್ ಸಿರಪ್ 250 ಮಿ.ಲೀ., ನೀರು 2 ದೊಡ್ಡ ಚಮಚ, ಕೆಂಪು ಫುಡ್ ಕಲರ್ 2 ಚಿಕ್ಕ ಚಮಚ, ನೀಲಿ 2 ಹನಿ, ಕೋಕೋ ಪುಡಿ 1 ದೊಡ್ಡ ಚಮಚ. ಕೋಕೋವನ್ನು ಮೊದಲು ಆ ನೀರಿನಲ್ಲೇ ಗಂಟಿಲ್ಲದೆ ಕಲಸಿಕೊಳ್ಳಿ. ಕೋಕೋ ಇಲ್ಲದಿದ್ದರೆ ರಕ್ತ ಪಾರದರ್ಶಕವಾಗಿ ಜೆಲ್ಲಿಯಂತೆ ಕಾಣುತ್ತದೆ. ಬಣ್ಣವನ್ನು ಪರೀಕ್ಷಿಸಬೇಕಾದದ್ದು ಶಾಟಿಗೆ ಬಳಸುವ ಬೆಳಕಿನ ಕೆಳಗೆ. ರಾತ್ರಿ ಎಂದು ಎಲ್ಲಕ್ಕೂ ನೀಲಿ ಬೆಳಕು ಹಾಕಿದರೆ ಕೆಂಪು ಕಪ್ಪಾಗಿಬಿಡುತ್ತದೆ, ಗಾಯ ಗ್ರೀಸ್ ಮೆತ್ತಿದಂತೆ ಕಾಣುತ್ತದೆ. ಗಾಯದ ಮೇಲೆ ಮಾತ್ರ ಹಳದಿ ಛಾಯೆಯ ಒಂದು ಚಿಕ್ಕ ಲೈಟ್ ಬೀಳಲಿ. ಬಟ್ಟೆ ಚೆನ್ನಾಗಿ ಹೀರಿಕೊಳ್ಳಬೇಕೆಂದು, ತೊಳೆಯಲು ಸುಲಭವೆಂದು ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಹಾಕುವುದುಂಟು. ಆ ಸೀಸೆಯನ್ನು ಬೇರೆ ಇಡಿ, ನಟರ ಬಾಯಿಗೆ ಅದು ಹೋಗಬಾರದು.

ಚಿಮ್ಮಿಸಲು 50 ಮಿ.ಲೀ. ಸಿರಿಂಜು, ಒಂದೆರಡು ಮೀಟರ್ ಸಣ್ಣ ಕೊಳವೆ ಸಾಕು. ಕೊಳವೆಯ ತುದಿಯವರೆಗೆ ಮೊದಲೇ ರಕ್ತ ತುಂಬಿರಬೇಕು. ಗಾಳಿ ಉಳಿದರೆ ಚಾಕು ತಗುಲಿ ಅರ್ಧ ಸೆಕೆಂಡ್ ಆದ ಮೇಲೆ ಬುಸ್ ಎಂದು ಉಗುಳುತ್ತದೆ. ಸಿರಪ್ ಗಟ್ಟಿಯಿದ್ದರೆ ಒತ್ತಡಕ್ಕೆ ಜೋಡಣೆ ಕಳಚಿಕೊಳ್ಳುತ್ತದೆ. 1980ರ ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಕೆವಿನ್ ಬೇಕನ್ ಪಾತ್ರದ ಗಂಟಲಿಂದ ಬಾಣ ಹೊರಬರುವ ದೃಶ್ಯದಲ್ಲಿ ಆದದ್ದು ಹೀಗೇ: ಹಾಸಿಗೆಯ ಕೆಳಗಿನ ಪಂಪಿನ ಪೈಪು ಕಳಚಿತು, ಮೇಕಪ್ ಮತ್ತು ಗಾಯಗಳ ಕೆಲಸ ಮಾಡಿದ ಟಾಮ್ ಸವೀನಿಯ ಸಹಾಯಕ ಪೈಪನ್ನು ಬಾಯಿಗಿಟ್ಟುಕೊಂಡು ಊದಿದ. ರಕ್ತ ಗುಳುಗುಳು ಉಕ್ಕಿತು, ಪಂಪಿಗಿಂತ ನಿಜವಾಗಿ. ಅಂಥ ಶಾಟಿಗೆ ಎರಡನೇ ಅವಕಾಶ ಸುಲಭಕ್ಕೆ ಸಿಗದು. ಹಾಗಾಗಿಯೇ ಪ್ರತಿ ಕೊಲೆಗೂ ಒಂದೇ ಥರದ ಅಂಗಿ ಕನಿಷ್ಠ 3 ಬೇಕು, ರಕ್ತವಿಲ್ಲದ ಶಾಟ್‌ಗಳೆಲ್ಲ ಮೊದಲು ಮುಗಿಯಬೇಕು. ಒಮ್ಮೆ ರಕ್ತ ಬಿದ್ದರೆ ಮೈ ತೊಳೆದು, ನೆಲ ಒರೆಸಿ, ಮೇಕಪ್ ಮತ್ತೆ ಹಚ್ಚುವುದಕ್ಕೆ ಮುಕ್ಕಾಲು ಗಂಟೆ ಹೋಗುತ್ತದೆ. ಹರಿತವಾದ ಚಾಕು ಒಂಟಿ ಕ್ಲೋಸಪ್ಪಿಗೆ ಮಾತ್ರ, ಎದುರಿಗೆ ಯಾರೂ ಇಲ್ಲದಾಗ. ಮಿಕ್ಕ ಕಡೆ ಮೊಂಡು ಲೋಹ ಅಥವಾ ರಬ್ಬರ್.

ರಕ್ತವೇ ಇಲ್ಲದೆ ಗೆಲ್ಲುವುದೂ ಸಾಧ್ಯ. 1974ರ ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ನಲ್ಲಿ ಹುಡುಗಿಯನ್ನು ಮಾಂಸದ ಕೊಕ್ಕೆಗೆ ನೇತುಹಾಕುತ್ತಾರೆ. ಕೊಕ್ಕೆ ಬೆನ್ನಿಗೆ ಇಳಿಯುವುದನ್ನು ತೋರಿಸುವುದೇ ಇಲ್ಲ. ಕೊಕ್ಕೆ, ಅವಳ ಮುಖ, ಕೆಳಗೆ ಇಟ್ಟಿರುವ ತಗಡಿನ ಟಬ್, ಇಷ್ಟೇ. ಆ ಟಬ್ ಯಾಕಿದೆ ಎಂದು ಹೊಳೆದ ಕ್ಷಣ ಉಳಿದದ್ದನ್ನು ನಾವೇ ಕಲ್ಪಿಸಿಕೊಳ್ಳುತ್ತೇವೆ. ಸೆನ್ಸಾರಿನಲ್ಲಿ ಸೌಮ್ಯ ದರ್ಜೆ ಸಿಗಲಿ ಎಂದು ನಿರ್ದೇಶಕ ಟೋಬ್ ಹೂಪರ್ ರಕ್ತ ಕಡಿಮೆ ಮಾಡಿದ್ದರು, ಆದರೂ ದೊಡ್ಡವರ ದರ್ಜೆಯೇ ಬಂತು. 16 ಎಂ.ಎಂ. ಫಿಲ್ಮಿನ ಒರಟುತನವೂ ಅಲ್ಲಿ ಸಹಾಯಕ್ಕೆ ಬಂದಿದೆ. ಅದೇ ಚಿತ್ರದ ಊಟದ ದೃಶ್ಯವನ್ನು ಕಿಟಕಿ ಮುಚ್ಚಿದ ಮನೆಯಲ್ಲಿ, ಬೇಸಿಗೆಯ ಸೆಕೆಯಲ್ಲಿ, ಕೊಳೆಯುತ್ತಿದ್ದ ಮಾಂಸದ ವಾಸನೆಯ ನಡುವೆ ಸುಮಾರು 26 ಗಂಟೆ ಒಂದೇ ಸಮನೆ ತೆಗೆದರು. ತೆರೆಯ ಮೇಲೆ ಆ ಸಂಕಟ ಕಾಣುತ್ತದೆ, ನಿಜ. ಆದರೆ ತಂಡವನ್ನು ಹಾಗೆ ಗೋಳಾಡಿಸುವುದು ಕಲೆಗಾರಿಕೆ ಎಂದು ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟ ತಂಡದ ಕೈಯಲ್ಲಿ ಆಯುಧಗಳೂ ವೈರುಗಳೂ ಇರುತ್ತವೆ.

ಬಡ ಸ್ಲ್ಯಾಶರ್‌ಗಳ ಅತಿ ದೊಡ್ಡ ರೋಗ ಸದ್ದು. ಚಿತ್ರ ಮಸುಕಾಗಿದ್ದರೆ ಶೈಲಿ ಎಂದು ಕ್ಷಮಿಸುವವರು ಮಾತು ಗುಹೆಯೊಳಗಿಂದ ಬಂದ ಹಾಗೆ ಕೇಳಿದರೆ ಎದ್ದು ಹೋಗುತ್ತಾರೆ. ಕ್ಯಾಮೆರಾದ ಮೇಲಿನ ಮೈಕ್ ನಟನಿಂದ ಮೂರು ಮೀಟರ್ ದೂರ ಇರುತ್ತದೆ, ಬರಿ ಗೋಡೆಗಳ ಪ್ರತಿಧ್ವನಿಯನ್ನೇ ಹಿಡಿಯುತ್ತದೆ. ಉದ್ದ ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕ್ ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ಇರಬೇಕು, ಕ್ಯಾಮೆರಾದ ಹಿಂದೆ ನೆಲಕ್ಕೆ ಕಂಬಳಿ ಹಾಸಬೇಕು. ಫ್ರಿಜ್ಜಿನ ಗುಂಯ್ ಸದ್ದು ಒಂದು ಶಾಟಿನಲ್ಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಶಾಟ್ ಬದಲಾಗುವ ಪ್ರತಿ ಕಟ್ ಕೂಡ ಕಿವಿಗೆ ಗೊತ್ತಾಗುತ್ತದೆ, ಅದಕ್ಕೆ ಫ್ರಿಜ್ ಆಫ್ ಮಾಡುವುದು ವಾಡಿಕೆ. ಮತ್ತೆ ಆನ್ ಮಾಡಲು ಮರೆಯದಿರಲು ಕಾರಿನ ಕೀಯನ್ನು ಅದರೊಳಗೇ ಇಡುತ್ತಾರೆ. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ಖಾಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್ ಟೇಬಲ್ ಮೇಲೆ ಅದರ ಬೆಲೆ ಗೊತ್ತಾಗುತ್ತದೆ.

ಭಯಕ್ಕೂ ಆ ಖಾಲಿ ಸದ್ದೇ ಬಂಡವಾಳ. ಹೊರಗೆ ಜೀರುಂಡೆಗಳ ಸದ್ದನ್ನು ಹತ್ತು ನಿಮಿಷ ಬಿಡದೆ ಇಟ್ಟು ಒಮ್ಮೆಲೇ ನಿಲ್ಲಿಸಿ ನೋಡಿ, ಯಾವ ಡೋಲೂ ಬೇಕಾಗುವುದಿಲ್ಲ. ಇದರ ಬದಲು ಬೆಕ್ಕು ಹಾರಿದರೂ, ಗೆಳೆಯ ಹೆಗಲು ಮುಟ್ಟಿದರೂ ಢಂ ಎನ್ನಿಸುತ್ತಾ ಹೋದರೆ ನಾಲ್ಕನೆಯದಕ್ಕೆ ಪ್ರೇಕ್ಷಕ ಕಿವಿ ಮುಚ್ಚಿಕೊಂಡು ಕೂರುತ್ತಾನೆ, ನಿಜವಾದ ದಾಳಿ ಬಂದಾಗ ಅವನಲ್ಲಿ ಏನೂ ಉಳಿದಿರುವುದಿಲ್ಲ. ‘ಫ್ರೈಡೇ ದ ಥರ್ಟೀನ್ತ್’ಗೆ ಸಂಗೀತ ಕೊಟ್ಟ ಹ್ಯಾರಿ ಮ್ಯಾನ್‌ಫ್ರೆಡಿನಿ ಒಂದು ಶಿಸ್ತು ಹಾಕಿಕೊಂಡರು: ಕೊಲೆಗಾರ ಅಲ್ಲಿ ಇದ್ದರೆ ಮಾತ್ರ ಸಂಗೀತ. ಮುಖವನ್ನು ಕೊನೆಯವರೆಗೆ ಮುಚ್ಚಿಟ್ಟ ಚಿತ್ರದಲ್ಲಿ ಸಂಗೀತವೇ ಕೊಲೆಗಾರನ ಪಾತ್ರ ಮಾಡಿತು. ಕೊಲೆಗಾರನ ಕಣ್ಣಿಂದ ನೋಡುವ ಶಾಟ್‌ಗೂ ಇದೇ ಶಿಸ್ತು ಬೇಕು. 1974ರ ‘ಬ್ಲ್ಯಾಕ್ ಕ್ರಿಸ್‌ಮಸ್’ನಿಂದ ಹಿಡಿದು ಇದು ಅಗ್ಗದ ಅಸ್ತ್ರ, ನಟ ಬೇಡ, ಮುಖ ಬೇಡ, ಕ್ಯಾಮೆರಾ ಉಸಿರಾಡಿದರೆ ಸಾಕು. ಆದರೆ ಪೊದೆಯ ಹಿಂದಿಂದ ನೋಡಿದ್ದು ಯಾರೂ ಅಲ್ಲ ಎಂದು ಒಮ್ಮೆ ತಿಳಿದರೆ ಮುಂದಿನ ಶಾಟನ್ನು ಯಾರೂ ನಂಬುವುದಿಲ್ಲ.

ಕಥೆಯ ಕಡೆ ದೌರ್ಬಲ್ಯಗಳು ಎಲ್ಲರಿಗೂ ಗೊತ್ತಿರುವಂಥವೇ. ಸಾಯಲೆಂದೇ ಹತ್ತು ಜನರನ್ನು ತಂದು ಒಬ್ಬರ ಹೆಸರೂ ನೆನಪಿರದಂತೆ ಮಾಡುವುದು, ಮೊಬೈಲ್ ಸಿಗ್ನಲ್ ಇಲ್ಲ ಎಂಬ ಒಂದು ಸಾಲು, ನಡುವಿನ ಅರ್ಧ ಗಂಟೆ ಟಾರ್ಚ್ ಹಿಡಿದು ಹೆಸರು ಕೂಗುತ್ತಾ ಅಲೆಯುವುದು. ಐದು ಪಾತ್ರ ಸಾಕು. ಹೆಣ್ಣು ಪಾತ್ರಗಳ ಮೈಮೇಲೆ ಕ್ಯಾಮೆರಾ ಬೇಕೆಂದೇ ತಂಗುವುದು ಈ ಪ್ರಕಾರದ ಹಳೆಯ ಕಳಂಕ. ಕೊನೆಗೆ ಉಳಿಯುವ ಹುಡುಗಿಗೆ ‘ಫೈನಲ್ ಗರ್ಲ್’ ಎಂದು ವಿದ್ವಾಂಸೆ ಕ್ಯಾರೊಲ್ ಕ್ಲೋವರ್ 1987ರ ಪ್ರಬಂಧದಲ್ಲಿ ಹೆಸರಿಟ್ಟರು. ಅವಳು ಗೆಲ್ಲುವುದು ಸುತ್ತಲಿನದನ್ನು ಉಳಿದವರಿಗಿಂತ ಚೆನ್ನಾಗಿ ಗಮನಿಸುವುದರಿಂದ. ಆ ಗಮನವನ್ನು ಚಿತ್ರಕಥೆಯಲ್ಲಿ ಮೊದಲೇ ಬಿತ್ತದೆ ಕೊನೆಯಲ್ಲಿ ಕೈಗೆ ಕೊಡಲಿ ಕೊಟ್ಟರೆ ಅದು ಅಂಟಿಸಿದಂತೆ ಕಾಣುತ್ತದೆ. ಉದ್ದವೂ ಹಾಗೆಯೇ, 85 ನಿಮಿಷ ಮೀರಿದರೆ ಕಾರಣ ಬೇಕು. 2022ರ ‘ಟೆರಿಫೈಯರ್ 2’ ಎರಡೂವರೆ ಲಕ್ಷ ಡಾಲರಿನಲ್ಲಿ ಮಾಡಿದ 138 ನಿಮಿಷದ ಚಿತ್ರ. ಅದರ ಗಾಯಗಳ ಕೈಕೆಲಸ ಬೆರಗು ಹುಟ್ಟಿಸುತ್ತದೆ, ಆದರೆ ಕನಿಷ್ಠ ಅರ್ಧ ಗಂಟೆ ಕತ್ತರಿಗೆ ಸಿಗಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಸತ್ತವನು ಮತ್ತೆ ಕೈ ಎತ್ತುವ ಮುಕ್ತಾಯ ಈಗ ಸವೆದುಹೋಗಿದೆ. ‘ಹ್ಯಾಲೋವೀನ್’ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡಿದರೆ ಇನ್ನೊಂದು ದಾರಿ ಕಾಣುತ್ತದೆ. ಮಹಡಿಯಿಂದ ಬಿದ್ದವನು ಹುಲ್ಲಿನ ಮೇಲಿಲ್ಲ. ಆಮೇಲೆ ಒಂದಾದ ಮೇಲೊಂದು ಖಾಲಿ ಜಾಗಗಳು: ಕೋಣೆ, ಮೆಟ್ಟಿಲು, ಎದುರಿನ ಮನೆ, ಅವನು ಬಾಲ್ಯದಲ್ಲಿದ್ದ ಪಾಳುಮನೆ. ಯಾವುದರಲ್ಲೂ ಜನ ಇಲ್ಲ. ಮೇಲೆ ಸಂಗೀತ, ಅದರ ಜೊತೆ ಉಸಿರಾಟದ ಸದ್ದು. ನಟರಿಲ್ಲ, ರಕ್ತವಿಲ್ಲ, ಖರ್ಚೂ ಇಲ್ಲ. ಒಂದೂವರೆ ಗಂಟೆಯಿಂದ ಆ ಕೋಣೆಗಳಲ್ಲಿ ಓಡಾಡಿದ್ದರಿಂದ ಅವನು ಯಾವ ಮೂಲೆಯಲ್ಲಿ ನಿಂತಿರಬಹುದು ಎಂದು ನಾವೇ ಹುಡುಕುತ್ತಿರುತ್ತೇವೆ.