ನಿಯೋಗ ಬಸ್ಸು ಹತ್ತುವ ಮೊದಲು

ನಮ್ಮಲ್ಲಿ ಅವಳಿ ನಗರ ಅಂದರೆ ಹುಬ್ಬಳ್ಳಿ-ಧಾರವಾಡ. ಬೆಳಿಗ್ಗೆ ಹೋಗಿ ಊಟಕ್ಕೆ ವಾಪಸ್ ಬರಬಹುದು. ಯುರೋಪಿನಲ್ಲಿ ಅವಳಿ ಅನ್ನುವುದು ಗಡಿಯಾಚೆಯ ಊರಿನ ಜೊತೆ ಕಾಗದದ ಮೇಲೆ ಬೆಳೆಸಿದ ನಂಟು, ಎಷ್ಟೋ ಸಲ ಹಿಂದೆ ಹೊಡೆದಾಡಿದ ದೇಶದ ಊರಿನ ಜೊತೆ. 1950ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್, ಫ್ರಾನ್ಸಿನ ಮೊಂಬೆಲಿಯಾರ್ ಜೋಡಿಯಾದವು. 1958ರಲ್ಲಿ ಜರ್ಮನಿಯ ಮೈನ್ಸ್ ಮತ್ತು ಫ್ರಾನ್ಸಿನ ದಿಜೋಂ. 1962ರಲ್ಲಿ ಈ ಎರಡು ರಾಜಧಾನಿಗಳ ಪ್ರಾಂತ್ಯಗಳಾದ ರೈನ್‌ಲ್ಯಾಂಡ್-ಪಲಾಟಿನೇಟ್, ಬರ್ಗಂಡಿ ಕೈಜೋಡಿಸಿದವು. ಎರಡೂ ದೇಶಗಳ ನಡುವಿನ ಸ್ನೇಹದ ಎಲಿಸೆ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದರ ನಂತರ, 1963ರ ಜನವರಿ 22ಕ್ಕೆ. ಆಮೇಲೆ ಪೋಲೆಂಡಿನ ಓಪೊಲೆ, ಚೆಕ್ ದೇಶದ ಮಧ್ಯ ಬೊಹೀಮಿಯಾ ಸೇರಿ ನಾಲ್ವರ ಕೂಟವಾಯಿತು.

ಇಂಥ ಜೋಡಿಗಳ ನಡುವೆ ನಿಯೋಗ ಹೋಗಿಬರುವ ಭೇಟಿಯ ಏರ್ಪಾಡಿನಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು ಹೋಟೆಲು, ಊಟದ ವಿಷಯ ಅಲ್ಲ. ಎದುರು ಕೂರುವವರ ಕೈಯಲ್ಲಿ ಯಾವ ಅಧಿಕಾರ ಇದೆ ಅನ್ನುವುದು. ರೈನ್‌ಲ್ಯಾಂಡ್-ಪಲಾಟಿನೇಟ್ ನಮ್ಮ ರಾಜ್ಯಗಳ ಹಾಗೆ: ಸ್ವಂತ ಶಾಸನಸಭೆ, ಸ್ವಂತ ಪೊಲೀಸ್, ಶಾಲೆಯ ಪಠ್ಯಕ್ರಮವೂ ಅದರದ್ದೇ. ಫ್ರಾನ್ಸಿನ ಪ್ರಾಂತ್ಯಕ್ಕೆ ಕಾನೂನು ಮಾಡುವ ಹಕ್ಕೇ ಇಲ್ಲ. ಜಿಲ್ಲಾ ಪಂಚಾಯಿತಿಯನ್ನು ಹಿಗ್ಗಿಸಿ ನೋಡಿದಂತೆ. ಅದು ಪ್ರೌಢಶಾಲೆಯ ಮೇಲಿನ ಹಂತದ ಲಿಸೆಗಳ ಕಟ್ಟಡ ಕಟ್ಟಿಸುತ್ತದೆ, ಪ್ರಾಂತೀಯ ರೈಲು ಓಡಿಸುತ್ತದೆ. ಆ ಕಟ್ಟಡದೊಳಗೆ ಏನು ಪಾಠ ಆಗಬೇಕು ಅನ್ನುವುದು ಪ್ಯಾರಿಸ್ಸಿನ ಮಾತು. ಜರ್ಮನ್ ಶಿಕ್ಷಣ ಸಚಿವರು ಭಾಷಾ ಬೋಧನೆಯ ಒಪ್ಪಂದ ಹಿಡಿದು ಬಂದರೆ ಪ್ರಾಂತ್ಯದ ಅಧ್ಯಕ್ಷರು ನಗುತ್ತಾ ಕೈ ಕುಲುಕಬಹುದು, ಅಷ್ಟೆ. ಶಿಕ್ಷಣ ಇಲಾಖೆಯ ಸ್ಥಳೀಯ ಮುಖ್ಯಸ್ಥರಾದ ರೆಕ್ತರ್ ಅವರನ್ನೂ ಅದೇ ಮೇಜಿಗೆ ಕರೆಯಬೇಕು.

ಪೋಲೆಂಡಿನಲ್ಲಿ ಇನ್ನೊಂದು ಗೋಜಲು. ಒಂದೇ ಪ್ರಾಂತ್ಯಕ್ಕೆ ಇಬ್ಬರು ಹಿರಿಯರು. ಮಾರ್ಷಾವೆಕ್ ಅನ್ನುವವರು ಪ್ರಾಂತ್ಯದ ಚುನಾಯಿತ ಸಭೆ ಆರಿಸಿದವರು. ವೊಯೆವೊಡ ಪ್ರಧಾನಿ ನೇಮಿಸಿದವರು. ಅವಳಿ ನಂಟಿನಲ್ಲಿ ಜೋಡಿ ಮಾರ್ಷಾವೆಕ್. ಪ್ರಾಂತ್ಯಕ್ಕೆ ಅಲ್ಲಿ ವೊಯೆವುಡ್ಸ್ಟ್ವೊ ಅನ್ನುತ್ತಾರೆ, ಆ ಹೆಸರು ಕೇಳಿ ವೊಯೆವೊಡರಿಗೆ ಮೊದಲ ಆಹ್ವಾನ ಹೋದರೆ, ಅವರಿಬ್ಬರ ಪಕ್ಷ ಬೇರೆ ಬೇರೆ ಆಗಿದ್ದರೆ, ಮುಂದಿನದನ್ನು ಹೇಳಬೇಕಾಗಿಲ್ಲ.

ದಿನಾಂಕಗಳು. ನವೆಂಬರ್ 11 ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧದ ಕದನವಿರಾಮದ ಸ್ಮರಣೆ, ಹೂಗುಚ್ಛ, ಮೌನ. ಪೋಲೆಂಡಿಗೆ ಸ್ವಾತಂತ್ರ್ಯ ದಿನ. ಅದೇ ದಿನ ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಮೈನ್ಸ್‌ನ ಷಿಲ್ಲರ್ ಚೌಕದಲ್ಲಿ ಕೋಡಂಗಿ ಟೋಪಿ ಹಾಕಿದವರು ಕಾರ್ನಿವಲ್ ಶುರುವಾಯಿತೆಂದು 11 ಕಲಮುಗಳ ತಮಾಷೆಯ ಸಂವಿಧಾನ ಓದುತ್ತಾರೆ. ಯಾರದ್ದೂ ತಪ್ಪಲ್ಲ. ಆ ದಿನಕ್ಕೆ ಭೇಟಿ ಇಟ್ಟವರದ್ದು ಮಾತ್ರ ತಪ್ಪು.

ಬಾವುಟ ನೆಡುವಾಗ ಯುರೋಪಿಯನ್ ಒಕ್ಕೂಟದ ರೂಢಿ ನೆನಪಿರಲಿ: ಪ್ರತಿ ದೇಶದ ಹೆಸರು ಅದರದ್ದೇ ಭಾಷೆಯಲ್ಲಿ ಹೇಗೋ ಆ ಅಕ್ಷರ ಕ್ರಮ. ಚೆಸ್ಕೊ, ಡಾಯ್ಚ್‌ಲ್ಯಾಂಡ್, ಫ್ರಾಂಸ್, ಪೊಲ್ಸ್ಕ. ಇಂಗ್ಲಿಷ್ ಪಟ್ಟಿ ನೋಡಿ ಜೋಡಿಸಿದರೆ ಜರ್ಮನಿ ಫ್ರಾನ್ಸಿನ ಹಿಂದೆ ಹೋಗುತ್ತದೆ. ಪೋಲೆಂಡಿನದ್ದು ಬಿಳಿ ಮೇಲೆ, ಕೆಂಪು ಕೆಳಗೆ. ತಲೆಕೆಳಗಾದರೆ ಅದು ಇಂಡೋನೇಷ್ಯಾದ್ದು. ರೈನ್‌ಲ್ಯಾಂಡ್-ಪಲಾಟಿನೇಟ್ ಬಾವುಟವೂ ಕಪ್ಪು-ಕೆಂಪು-ಬಂಗಾರವೇ, ಆದರೆ ಮೇಲಿನ ಮೂಲೆಯಲ್ಲಿ ಲಾಂಛನ ಇರುತ್ತದೆ: ಟ್ರಿಯರ್‌ನ ಶಿಲುಬೆ, ಮೈನ್ಸ್‌ನ ಚಕ್ರ, ಪಲಾಟಿನೇಟ್‌ನ ಸಿಂಹ. ಗಾಳಿ ಇಲ್ಲದ ದಿನ ಬಟ್ಟೆ ಜೋತುಬಿದ್ದು ಲಾಂಛನ ಕಾಣುವುದಿಲ್ಲ, ಹಾಗಾಗಿ ಕಂಬಕ್ಕೆ ಏರಿಸುವ ಮುನ್ನ ಬಿಚ್ಚಿ ನೋಡಿ.

ಬಸ್ಸಿನ ಲೆಕ್ಕ ಬಹಳ ಜನ ಮರೆಯುವಂಥದ್ದು. ಮೈನ್ಸ್‌ನಿಂದ ದಿಜೋಂಗೆ ಸುಮಾರು 500 ಕಿಲೋಮೀಟರ್. ಒಕ್ಕೂಟದ ನಿಯಮದ ಪ್ರಕಾರ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ತೊಂದರೆ ಶುರುವಾಗುವುದು ರಾತ್ರಿ. ದಿನಕ್ಕೆ 11 ಗಂಟೆ ವಿಶ್ರಾಂತಿ ಕಡ್ಡಾಯ. ಅದನ್ನು 9ಕ್ಕೆ ಇಳಿಸಬಹುದು, ಆದರೆ ಒಂದು ವಾರದ ವಿಶ್ರಾಂತಿಗೂ ಮುಂದಿನ ವಾರದ ವಿಶ್ರಾಂತಿಗೂ ನಡುವೆ ಮೂರೇ ಸಲ. ಔತಣ ಮುಗಿಸಿ ಅತಿಥಿಗಳನ್ನು ಹೋಟೆಲಿಗೆ ಬಿಟ್ಟಾಗ ರಾತ್ರಿ 11 ಆದರೆ ಅದೇ ಚಾಲಕರು ಬೆಳಿಗ್ಗೆ 10ಕ್ಕೆ ಸಿಗುತ್ತಾರೆ, ಇಳಿಸಿದರೂ 8ಕ್ಕೆ. ಕಾರ್ಯಕ್ರಮ ಪಟ್ಟಿಯಲ್ಲಿ 7:30ಕ್ಕೆ ದ್ರಾಕ್ಷಿ ತೋಟ ಅಂತ ಇರುತ್ತದೆ! ಸಂಜೆಗೆ ಸ್ಥಳೀಯ ಬಸ್ಸು ಮಾಡಿಕೊಳ್ಳುವುದೇ ಕ್ಷೇಮ.

ದುಭಾಷಿಗಳು. ಭಾಷಣ ನಡೆಯುತ್ತಿರುವಾಗಲೇ ಅನುವಾದಿಸುವವರು ಇಬ್ಬರು ಬೇಕು, 20ರಿಂದ 30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರಲ್ಲೇ ಮುಗಿಸೋಣ ಅಂದರೆ ಒಂದು ಗಂಟೆಯೊಳಗೆ ವಾಕ್ಯಗಳು ಉದುರತೊಡಗುತ್ತವೆ. ಭಾಷಣಕಾರರು ನಿಲ್ಲಿಸಿ ನಿಲ್ಲಿಸಿ ಮಾತಾಡುವುದಾದರೆ ಉಪಕರಣದ ಖರ್ಚು ಉಳಿಯುತ್ತದೆ, ಸಮಯ ದುಪ್ಪಟ್ಟು: 10 ನಿಮಿಷದ ಭಾಷಣಕ್ಕೆ 20 ನಿಮಿಷ ಬರೆಯಿರಿ. ಲಿಖಿತ ಪ್ರತಿ ಮೊದಲೇ ಕಳಿಸಿ, ಅದರಲ್ಲೂ ಕವಿತೆಯ ಸಾಲು, ನಗೆಹನಿ ಇದ್ದರೆ. ಸಭಾಂಗಣಕ್ಕಿಂತ ವೈನ್ ನೆಲಮಾಳಿಗೆ ಕಷ್ಟ. ಕಮಾನಿನ ಕಲ್ಲುಗೋಡೆ ಪ್ರತಿಧ್ವನಿಸುತ್ತದೆ, ಪಿಸುದನಿಯ ಅನುವಾದ ಮೂರನೆಯವರಿಗೆ ಕೇಳುವುದಿಲ್ಲ. ಅಲ್ಲಿಗೆ ಪ್ರವಾಸಿ ಮಾರ್ಗದರ್ಶಕರು ಬಳಸುವ ಕಿವಿಯಂತ್ರ ಬಾಡಿಗೆಗೆ ತನ್ನಿ.

ಊಟದಲ್ಲಿ ಪಲಾಟಿನೇಟ್‌ನವರ ಹೆಮ್ಮೆ ಝಾವ್‌ಮಾಗನ್, ಹಂದಿಯ ಜಠರದಲ್ಲಿ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ್ದು. ಜರ್ಮನಿಯ ಚಾನ್ಸಲರ್ ಆಗಿದ್ದ ಹೆಲ್ಮುಟ್ ಕೋಲ್ ವಿದೇಶಿ ಅತಿಥಿಗಳಿಗೆ ಇದನ್ನೇ ಬಡಿಸುತ್ತಿದ್ದರು. ಆಹಾರದ ಪಥ್ಯವನ್ನು ಆಹ್ವಾನದ ಜೊತೆಯೇ ಕೇಳಿಬಿಡಬೇಕು. ದಿಜೋಂ ಕಡೆಯಲ್ಲಿ ಸ್ವಾಗತದ ಲೋಟ ಕೀರ್: ಒಂದು ಪಾಲು ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯ, ನಾಲ್ಕೈದು ಪಾಲು ತಣ್ಣನೆಯ ಅಲಿಗೋತೆ ಬಿಳಿ ವೈನ್. ಹೆಸರು ಬಂದದ್ದು 1945ರಿಂದ 1968ರವರೆಗೆ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕೀರ್ ಅವರಿಂದ. ಬಂದ ನಿಯೋಗಕ್ಕೆಲ್ಲ ಇದನ್ನೇ ಕುಡಿಸುತ್ತಿದ್ದರು, ಮೈನ್ಸ್ ಜೊತೆ ನಂಟು ಕುದುರಿದ್ದೂ ಅವರ ಕಾಲದಲ್ಲೇ. ಮೊದಲು ಸಿಹಿ ಮದ್ಯ ಸುರಿದು ಆಮೇಲೆ ವೈನ್ ಹಾಕಿ, ತಾನೇ ಬೆರೆಯುತ್ತದೆ. ದುಭಾಷಿಗಳಿಗೆ ಮಾತ್ರ ಔತಣಕ್ಕೆ ಒಂದು ಗಂಟೆ ಮೊದಲೇ ಬೇರೆ ಕೋಣೆಯಲ್ಲಿ ಊಟ ಹಾಕಿಸಿ. ಆಮೇಲೆ ಅವರು ಇಬ್ಬರು ಗಣ್ಯರ ಹಿಂದಿನ ಕುರ್ಚಿಯಲ್ಲಿ, ತಟ್ಟೆ ಇಲ್ಲದೆ, ಸಿಹಿ ಬರುವ ತನಕ ಮಾತಾಡುತ್ತಲೇ ಇರಬೇಕು.