ಮೇ ತಿಂಗಳ ಕಲಬುರಗಿಯಲ್ಲಿ ನಾಲ್ಕು ಡಿಗ್ರಿ

ಪ್ರೋಟೋಕಾಲ್ ಹಾಳೆಯಲ್ಲಿ ಅದು ಒಂದೇ ಸಾಲು: ‘ಐಸಿನ ಮೇಲೆ ಅರ್ಧ ಗಂಟೆ ಇಡಿ’. ಕಲಬುರಗಿಯ ಬೇಸಿಗೆಯಲ್ಲಿ ಆ ಒಂದು ಸಾಲಿಗೆ ಅರ್ಧ ದಿನ ಬೇಕು.

ಬಿಸಿಲು 42 ಡಿಗ್ರಿ ದಾಟುತ್ತಿದ್ದ ದಿನಗಳವು. ನಮ್ಮ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ನಾವು ಅದಕ್ಕೂ ಮುಂಚೆ ಲ್ಯಾಬಿಗೆ ಬಂದಿದ್ದೆವು. ಅಟೆಂಡರ್ ಕಾಕಾ ಆಗಲೇ ಬರ್ಫದ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿಟ್ಟಿದ್ದರು. “ಒಡದು ಕೊಡ್ಲೇನವ್ವ, ಹಂಗೇ ಇಡ್ಲೇನು?” ಎಂದರು. ಸಣ್ಣಗೆ ಒಡೆಸಿದೆವು. ದೊಡ್ಡ ತುಂಡಿದ್ದರೆ ಕೋಶಗಳಿರುವ ಗಾಜಿನ ತಟ್ಟೆಯ ತಳಕ್ಕೆ ಸರಿಯಾಗಿ ತಾಕುವುದಿಲ್ಲ. ಪುಡಿ ಬರ್ಫಕ್ಕೆ ಸ್ವಲ್ಪ ನೀರು ಹಾಕಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆಯೊಂದನ್ನು ಕೂರಿಸಿ, ಪಕ್ಕಕ್ಕೆ ಥರ್ಮಾಮೀಟರ್ ಸಿಕ್ಕಿಸಿದರೆ ತಂಪು ಎಲ್ಲ ಕಡೆಗೂ ಒಂದೇ ಸಮ ಸಿಗುತ್ತದೆ.

ನಮಗೆ ನೋಡಬೇಕಿದ್ದದ್ದು ಇಜಿಎಫ್ ರಿಸೆಪ್ಟರ್ ಕೋಶದ ಒಳಕ್ಕೆ ಹೋಗುವುದನ್ನು. ಕೋಶದ ಹೊರಪೊರೆಯಲ್ಲಿದ್ದು ‘ಬೆಳೆ’ ಎಂಬ ಸಂದೇಶವನ್ನು ಹಿಡಿಯುವ ಪ್ರೋಟೀನ್ ಅದು. ಕೆಲವು ಕ್ಯಾನ್ಸರ್‌ಗಳಲ್ಲಿ ಅದು ವಿಪರೀತ ಜಾಸ್ತಿ ಇರುತ್ತದೆ. ನಾವು ಬೆಳೆಸುವ ಎ431 ಎಂಬ ಕ್ಯಾನ್ಸರ್ ಕೋಶಗಳಲ್ಲಿ ಒಂದೊಂದರ ಮೇಲೂ ಹತ್ತು ಲಕ್ಷಕ್ಕೂ ಮಿಕ್ಕಿ ಇರುತ್ತದೆ. ಇಷ್ಟಿದ್ದರೂ ಬರೀ ಮೈಕ್ರೋಸ್ಕೋಪಿಗೆ ಅದು ಕಾಣುವುದಿಲ್ಲ. ಅದನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ ಕಳಿಸಬೇಕು. ಆಲ್ಬರ್ಟ್ ಕೂನ್ಸ್ 1941ರಲ್ಲಿ ತೋರಿಸಿಕೊಟ್ಟ ದಾರಿ ಇದು. ನಮ್ಮಂಥ ಸಣ್ಣ ಲ್ಯಾಬುಗಳೂ ಇವತ್ತು ಇದೇ ದಾರಿಯಲ್ಲಿ ನಡೆಯುತ್ತಿವೆ ಎಂಬುದು ನನಗೆ ನಿಜಕ್ಕೂ ದೊಡ್ಡ ಸಂಗತಿ.

ಬಣ್ಣದ ವಿಷಯದಲ್ಲಿ ನಮ್ಮ ಗೈಡ್ ಹಟ ಹಿಡಿದಿದ್ದರು. ಹಸಿರಾಗಿ ಹೊಳೆಯುವ ಎಫ್‌ಐಟಿಸಿ ಎಂಬ ಬಣ್ಣ ಅಗ್ಗ. ಆದರೆ ರಿಸೆಪ್ಟರ್ ಕೋಶದ ಒಳಗೆ ಹೋಗಿ ಸೇರುವ ಚೀಲಗಳು ಆಮ್ಲೀಯ. ಆಮ್ಲದಲ್ಲಿ ಎಫ್‌ಐಟಿಸಿ ಮಂಕಾಗುತ್ತದೆ. ಒಳಗೆ ಹೋದದ್ದನ್ನೇ ನೋಡಬೇಕಾದವರಿಗೆ ಅದು ಉಪಯೋಗವಿಲ್ಲ. ಅಲೆಕ್ಸಾ ಫ್ಲೋರ್ 488 ಎಂಬ ಇನ್ನೊಂದು ಹಸಿರು ಬಣ್ಣ ಅಲ್ಲೂ ಹೊಳೆಯುತ್ತದೆ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ ಎಂದರು. ಅವರು ಹೇಳಿದ್ದೇ ಸರಿ.

ಆಳಂದದ ಕಡೆಯ ನಮ್ಮ ಜೂನಿಯರ್ ಹುಡುಗಿ ಕೇಳಿದಳು: “ಅಕ್ಕಾ, ಏ.ಸಿ. ಹಚ್ಚೀವಲ್ಲಾ, ಅಷ್ಟು ಸಾಕಾಗಲ್ಲೇನ್ರಿ?”

“ನಮಗ ಸಾಕಾಗ್ತದ, ಕೋಶಕ್ಕ ಸಾಕಾಗಲ್ಲ” ಎಂದೆ.

ಕೋಶ ಜೀವಂತ ಇದೆಯಲ್ಲ. ಆಂಟಿಬಾಡಿಗೆ ಎರಡು ತೋಳು. ಅದು ಎರಡು ರಿಸೆಪ್ಟರ್‌ಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಬೆಚ್ಚಗಿದ್ದರೆ ಕೋಶ ಅವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಆ ಎಳೆದಾಟ ನಿಂತುಬಿಡುತ್ತದೆ. ಅರ್ಧ ಗಂಟೆಯಲ್ಲಿ ಬರ್ಫ ಕರಗಿ ತಟ್ಟೆ ಬೆಚ್ಚಗಾಯಿತೆಂದರೆ, ಆಮೇಲೆ ಕಾಣುವುದರಲ್ಲಿ ಪ್ರಯೋಗದ ಫಲ ಎಷ್ಟು, ನಮ್ಮೂರಿನ ಬಿಸಿಲಿನ ಕೆಲಸ ಎಷ್ಟು ಎಂದು ಬೇರ್ಪಡಿಸುವುದು ಹೇಗೆ? ಪ್ರಬಂಧಗಳಲ್ಲಿ ಆಂಟಿಬಾಡಿಯ ಹೆಸರು, ಪ್ರಮಾಣ ಎಲ್ಲ ವಿವರವಾಗಿ ಇರುತ್ತವೆ. ತಟ್ಟೆ ನಿಜವಾಗಿ ಎಷ್ಟು ತಣ್ಣಗಿತ್ತು ಎಂಬುದನ್ನೂ ಹಾಗೆಯೇ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೋಶ ತೊಳೆಯುವ ಉಪ್ಪುನೀರಿನ, ಅಂದರೆ ಪಿಬಿಎಸ್‌ನ, ಬಾಟಲಿ ರಾತ್ರಿಯೇ ಫ್ರಿಜ್ ಸೇರಿತ್ತು. ಆಂಟಿಬಾಡಿ ಹಾಕಿ, ಬೆಳಕು ತಾಗದಂತೆ ಫಾಯಿಲ್ ಮುಚ್ಚಿ ಕಾದೆವು. ನೀರು ಹೆಚ್ಚಾದಂತೆಲ್ಲ ಕಾಕಾ ಅದನ್ನು ಬಸಿದು ಹೊಸ ಬರ್ಫ ಸುರಿದರು. ಮುಳ್ಳು ನಾಲ್ಕು ದಾಟಲಿಲ್ಲ. ತಣ್ಣನೆಯ ಪಿಬಿಎಸ್‌ನಲ್ಲಿ ತೊಳೆದು, ಒಂದು ತಟ್ಟೆಯನ್ನು ಅಲ್ಲೇ ಫಿಕ್ಸ್ ಮಾಡಿದೆವು, ಅಂದರೆ ಕೋಶಗಳನ್ನು ರಾಸಾಯನಿಕ ಹಾಕಿ ಇದ್ದ ಹಾಗೆಯೇ ನಿಲ್ಲಿಸಿದೆವು. ಇನ್ನೊಂದು, ರಿಸೆಪ್ಟರ್ ಒಳಕ್ಕೆ ಹೋಗಲೆಂದು, 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಹೋಯಿತು. ಮೂರನೆಯದಕ್ಕೆ ಹಾಕಿದ್ದು ಹೋಲಿಸಿ ನೋಡಲು ಬೇಕಾದ ಕಂಟ್ರೋಲ್: ಅದೇ ಜಾತಿಯ ಆಂಟಿಬಾಡಿ, ಅದೇ ಬಣ್ಣ, ಆದರೆ ಈ ಕೋಶದಲ್ಲಿ ಅದು ಹಿಡಿಯುವಂಥದ್ದು ಏನೂ ಇಲ್ಲ.

ಮೈಕ್ರೋಸ್ಕೋಪ್ ಕೋಣೆಯ ಲೈಟ್ ಆರಿಸಿದೆವು. ತಣ್ಣಗಿದ್ದ ತಟ್ಟೆಯಲ್ಲಿ ಕೋಶಕೋಶಕ್ಕೂ ಹಸಿರು ಅಂಚು, ಜೇನುಹುಟ್ಟಿನ ಮನೆಗಳ ಹಾಗೆ ಒಂದಕ್ಕೊಂದು ತಾಗಿಕೊಂಡು. ನಡುವೆ ಪೂರ್ತಿ ಕಪ್ಪು. ಹುಡುಗಿ ನೋಡುತ್ತಲೇ ಇದ್ದಳು. “ಮೊದ್ಲ ಫೋಟೋ ತಗೋ, ಆಮ್ಯಾಗ ನೋಡು” ಎಂದೆ. ಬೆಳಕು ಬಿದ್ದಷ್ಟೂ ಬಣ್ಣ ಆರುತ್ತಾ ಹೋಗುತ್ತದೆ. ಕ್ಯಾಮೆರಾದ ಸೆಟ್ಟಿಂಗ್ ಬದಲಿಸದೆ ಕಂಟ್ರೋಲ್ ತಟ್ಟೆ ಇಟ್ಟೆವು. ಕತ್ತಲೆ. ಆ ಕತ್ತಲೆ ಕಂಡಾಗಲೇ ನನಗೆ ಹಸಿರಿನ ಮೇಲೆ ನಂಬಿಕೆ ಬಂದದ್ದು.

ಬೆಚ್ಚಗಿಟ್ಟ ತಟ್ಟೆಯಲ್ಲಿ ಅಂಚು ತೆಳುವಾಗಿತ್ತು. ಒಳಗೆಲ್ಲ ಹಸಿರು ಚುಕ್ಕೆ. ನನಗೆ ಖುಷಿಯೋ ಖುಷಿ. ಅವಳು ಮಾತ್ರ ಸುಮ್ನಿದ್ದು, ಆಮೇಲೆ ಕೇಳಿದಳು: “ಚುಕ್ಕಿ ಒಳಗೇ ಅವ ಅಂತ ಹೆಂಗ್ ಹೇಳೋದ್ರಿ ಅಕ್ಕಾ? ಮ್ಯಾಲೇ ಗುಂಪಾಗಿ ಕುಂತಿರಬಹುದಲ್ಲ?”

ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ಮೈಕ್ರೋಸ್ಕೋಪ್ ಕೋಶವನ್ನು ಪದರಪದರವಾಗಿ ತೋರಿಸುವ ಕಾನ್‌ಫೋಕಲ್ ಅಲ್ಲ. ಆದರೆ ಬೇರೆ ದಾರಿ ಇದೆ. ಫಿಕ್ಸ್ ಮಾಡುವ ಮೊದಲು ಆಮ್ಲೀಯ ಗ್ಲೈಸಿನ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ತೊಳೆದರೆ ಹೊರಗೆ ಅಂಟಿದ ಆಂಟಿಬಾಡಿ ಕಳಚಿಕೊಳ್ಳುತ್ತದೆ, ಒಳಗೆ ಹೋದದ್ದು ಉಳಿಯುತ್ತದೆ. ತೊಳೆದ ಮೇಲೂ ಚುಕ್ಕೆ ಇದ್ದರೆ ಅದು ಒಳಗಿನದೇ. ಲ್ಯಾಬ್ ನೋಟ್‌ಬುಕ್ಕಿನ ಮುಂದಿನ ಪುಟ ತೆಗೆದು ಆ ಪ್ರಯೋಗವನ್ನು ಅವಳ ಹೆಸರಿನಲ್ಲೇ ಬರೆದೆ. ಕಾಕಾಗೆ ನಾಳೆಗೂ ಬರ್ಫ ಹೇಳಿಟ್ಟು ಊಟಕ್ಕೆ ಹೋದೆವು.